ಬೆರೆಯಿರಿ ಎನ್ನುವವರು ಬಾಡಿಗೆಗೆ ಮನೆ ಕೊಡುವುದಿಲ್ಲ

ಓದಲು ಜರ್ಮನಿಗೆ ಹೊರಟವರಿಗೆ ನಮ್ಮ ಕಡೆ ತಪ್ಪದೆ ಸಿಗುವ ಉಪದೇಶ ಒಂದಿದೆ. "ಅಲ್ಲಿಗೆ ಹೋಗಿಯೂ ನಮ್ಮವರ ಜೊತೇಲೇ ಇರಬೇಡಮ್ಮ. ಅಲ್ಲಿನವರ ಜೊತೆ ಬೆರಿ. ಅಷ್ಟು ದುಡ್ಡು ಸುರಿದು ಹೋಗಿ ಮತ್ತೆ ಅದೇ ಅನ್ನ ಸಾರು, ಅದೇ ಮುಖಗಳು ಅಂದ್ರೆ ಹೋಗಿದ್ದಾದ್ರೂ ಯಾಕೆ?" ವೀಸಾ ಕಾಗದ ತುಂಬಿಸಿಕೊಡುವ ಕನ್ಸಲ್ಟೆನ್ಸಿಯವರು ಇದನ್ನು ಹೇಳುತ್ತಾರೆ. ಹತ್ತು ದಿನದಲ್ಲಿ ಏಳು ದೇಶ ನೋಡಿ ಬಂದ ದೊಡ್ಡಪ್ಪ ಹೇಳುತ್ತಾರೆ. ಆ ಹತ್ತು ದಿನವೂ ಟೂರ್ ಕಂಪನಿಯ ಅಡುಗೆಯವರು ಮಾಡಿದ ಉಪ್ಪಿಟ್ಟು ತಿಂದುಕೊಂಡೇ ಬಂದವರು ಅವರು. ವಿಶ್ವವಿದ್ಯಾಲಯದ ಸ್ವಾಗತ ಸಭೆಯಲ್ಲಿ ಇದೇ ಮಾತು ನಯವಾದ ಇಂಗ್ಲಿಷಿನಲ್ಲಿ ಬರುತ್ತದೆ. ಅಲ್ಲಿ ನೆಲೆಯೂರಿ ಮನೆ ಕೊಂಡ ನಮ್ಮವರೇ ಕೆಲವರು ಯುಗಾದಿಯ ಹೋಳಿಗೆ ಮುರಿಯುತ್ತಾ ಇದನ್ನು ಹೇಳುತ್ತಾರೆ.

ಈ ಉಪದೇಶದ ಅಡಿಯಲ್ಲಿ ಒಂದು ನಂಬಿಕೆ ಕೂತಿದೆ. ಪರದೇಶದ ಊರಿಗೆ ಹೊಂದಿಕೊಳ್ಳುವುದು ಸ್ವಭಾವದ ಮಾತು, ಸಂಕೋಚ ಬಿಟ್ಟವರು ಗೆಲ್ಲುತ್ತಾರೆ, ತಮ್ಮವರ ನಡುವೆ ಉಳಿದವರು ಸೋಲುತ್ತಾರೆ ಎಂಬ ನಂಬಿಕೆ. ಇದು ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು; ಇಪ್ಪತ್ತೆರಡರ ಹುಡುಗಿಯೊಬ್ಬಳಿಗೆ ಅತ್ಯಂತ ಕಷ್ಟದ ತಿಂಗಳುಗಳಲ್ಲಿ ಸಿಗುವ ಆಸರೆಗೂ ನಾಚಿಕೆಯನ್ನು ಕಟ್ಟಿಬಿಡುತ್ತದೆ ಎಂಬುದಕ್ಕಾಗಿ ಇದನ್ನು ಖಂಡಿಸಬೇಕಾಗಿದೆ.

ಮ್ಯೂನಿಕ್ ನಗರವನ್ನೇ ತೆಗೆದುಕೊಳ್ಳಿ. ಹಾಸನದಿಂದ ಒಬ್ಬಳು ಎಂ.ಎಸ್. ಓದಲು ಅಲ್ಲಿಗೆ ಬಂದಳು ಎನ್ನೋಣ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಸರ್ಕಾರಿ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ನಮ್ಮ ಹುಡುಗರು ಅದನ್ನು ಅಲ್ಲಿನವರಂತೆಯೇ ಆನ್‌ಮೆಲ್ಡುಂಗ್ ಎನ್ನುತ್ತಾರೆ. 2015ರ ನವೆಂಬರ್‌ನಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ, ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಪತ್ರವಿಲ್ಲದೆ ಈ ನೋಂದಣಿ ಆಗುವುದಿಲ್ಲ. ನೋಂದಣಿಯಾಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ಏಕೆಂದರೆ ಅದು ನೋಂದಾಯಿಸಿದ ವಿಳಾಸಕ್ಕೆ ಅಂಚೆಯಲ್ಲೇ ಬರುವಂಥದ್ದು. ತೆರಿಗೆ ಸಂಖ್ಯೆ ಕೊಡದಿದ್ದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಮುರಿದುಕೊಳ್ಳುತ್ತಾರೆ. ವೀಸಾ ಮುಗಿಯುವ ಮೊದಲು ನಿವಾಸ ಪರವಾನಗಿ ಮಾಡಿಸಬೇಕು, ಅಲ್ಲೂ ಮೊದಲು ಕೇಳುವುದು ನೋಂದಣಿ ಚೀಟಿಯನ್ನೇ. ಸರಿ, ಎಲ್ಲಕ್ಕೂ ಮನೆ ಬೇಕು. ಮನೆ ಸಿಗಬೇಕಾದರೆ? ಮಾಲೀಕರು ಕೇಳುವುದು ಕಳೆದ ಮೂರು ತಿಂಗಳ ಸಂಬಳ ಚೀಟಿ, ಹಿಂದಿನ ಸಾಲ ಬಾಕಿಗಳ ಲೆಕ್ಕ ಹೇಳುವ ಶೂಫಾ ವರದಿ, ಮೂರು ತಿಂಗಳ ಬಾಡಿಗೆಯವರೆಗೆ ಡಿಪಾಸಿಟ್ಟು. ಮೊನ್ನೆ ರಾತ್ರಿ ದೇವನಹಳ್ಳಿಯಲ್ಲಿ ವಿಮಾನ ಹತ್ತಿದವಳಿಗೆ ಶೂಫಾ ಎಲ್ಲಿಂದ ಬರಬೇಕು?

ದುಡ್ಡಿನ ಲೆಕ್ಕವನ್ನೂ ನೋಡಿಬಿಡೋಣ. ವೀಸಾಕ್ಕಾಗಿ ಅವಳು ಮೊದಲೇ ಒಂದು ಖಾತೆಯಲ್ಲಿ ಕಟ್ಟಿ ಇಡಬೇಕಾದ ಹಣ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ಆ ಖಾತೆಯಿಂದ ತಿಂಗಳಿಗೆ 992ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದೇ ಒಂದು ಕೋಣೆಯ ಸರಾಸರಿ ಬಾಡಿಗೆ ಈಗ 800 ಯೂರೋ ಆಸುಪಾಸಿನಲ್ಲಿದೆ. ವಿದ್ಯಾರ್ಥಿಗಳ ಆರೋಗ್ಯ ವಿಮೆಗೆ ಸುಮಾರು 140. ಉಳಿದ ಐವತ್ತು ಯೂರೋದಲ್ಲಿ ತಿಂಗಳಿಡೀ ಉಂಡು, ಫೋನು ಕಟ್ಟಿ, ಜೊತೆಗೆ ಜರ್ಮನರ ಜೊತೆ ಬಿಯರ್ ತೋಟದಲ್ಲಿ ಕೂತು ಬೆರೆಯಬೇಕು. ತಮಾಷೆಯೆಂದರೆ ಜರ್ಮನ್ ಸರ್ಕಾರ ತನ್ನದೇ ವಿದ್ಯಾರ್ಥಿಗಳಿಗೆ ಕೊಡುವ ನೆರವಿನಲ್ಲಿ ವಸತಿಗೆಂದು ಇಟ್ಟಿದ್ದು 2024ರ ಏರಿಕೆಯ ನಂತರವೂ 380 ಯೂರೋ. ಆ 380ರಲ್ಲಿ ಮ್ಯೂನಿಕ್‌ನಲ್ಲಿ ಅರ್ಧ ಕೋಣೆ ಬರುತ್ತದೆ.

ವಿದ್ಯಾರ್ಥಿ ನಿಲಯಗಳಿಲ್ಲವೇ? ಇವೆ. ನಗರದ ಉತ್ತರಕ್ಕೆ ಫ್ರೈಮಾನ್‌ನಲ್ಲಿ ಇಡೀ ಜರ್ಮನಿಯಲ್ಲೇ ದೊಡ್ಡದೆನಿಸಿದ ವಿದ್ಯಾರ್ಥಿ ಬಡಾವಣೆ ಇದೆ, ಸುಮಾರು ಎರಡೂವರೆ ಸಾವಿರ ಮಂದಿ ಇರಬಹುದಾದದ್ದು. 2021ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಆಮೇಲೆ ದುರಸ್ತಿಯ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಕೋಣೆಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಹೊರಗೆ ಮಕ್ಕಳು ಕೋಣೆಯಿಲ್ಲದೆ ಅಲೆಯುತ್ತಿದ್ದರೆ ಒಳಗೆ ಕೋಣೆಗಳು ಬೀಗ ಹಾಕಿಕೊಂಡು ಕೂತಿದ್ದವು. ಇದನ್ನು ಯಾರ ಸಂಕೋಚ ಸ್ವಭಾವದ ತಲೆಗೆ ಕಟ್ಟುತ್ತೀರಿ?

ಹಂಚಿಕೊಂಡ ಮನೆಗೆ ಸೇರುವುದಕ್ಕೆ ಅಲ್ಲಿ ಒಂದು ಸಂದರ್ಶನವಿರುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಮೂವರು ಅಡುಗೆಮನೆಯ ಮೇಜಿನ ಸುತ್ತ ಕೂತು, ಬಂದವರಲ್ಲಿ ಒಬ್ಬರನ್ನು ಆರಿಸುತ್ತಾರೆ. ಬಂಡೆ ಹತ್ತುತ್ತೀಯಾ, ಯಾವ ಸಂಗೀತ ಕೇಳುತ್ತೀಯಾ, ಭಾನುವಾರ ಒಟ್ಟಿಗೆ ಅಡುಗೆ ಮಾಡುವುದು ಇಷ್ಟವೇ? ಬರೀ ಬಾಡಿಗೆ ಹಂಚಿಕೊಳ್ಳುವುದಕ್ಕೆ ಸೇರಿದ ಮನೆ ಇದಲ್ಲ ಎಂದು ಜಾಹೀರಾತಿನಲ್ಲೇ ಷರಾ ಇರುತ್ತದೆ. ನಮ್ಮವಳು ಹಾಸನದಿಂದ ವೀಡಿಯೋ ಕರೆಯಲ್ಲಿ, ಕರೆಂಟು ಹೋಗದಿರಲೆಂದು ಬೇಡಿಕೊಳ್ಳುತ್ತಾ, ಓದಿಕೊಂಡ ಜರ್ಮನ್ನಿನಲ್ಲಿ ಇದಕ್ಕೆಲ್ಲ ಉತ್ತರ ಹೇಳಬೇಕು. ಬೆರೆಯುವುದಕ್ಕೆ ಅವಳು ಸಿದ್ಧಳಿದ್ದಾಳೆ. ಆರಿಸುವ ಅಧಿಕಾರ ಅವಳ ಕೈಯಲ್ಲಿಲ್ಲ.

ಆರಿಸುವವರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅಲ್ಲಿಯ ಪತ್ರಕರ್ತರೇ ಪುರಾವೆ ಕೊಟ್ಟಿದ್ದಾರೆ. 2017ರಲ್ಲಿ ಬವೇರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಮತ್ತು 'ಡೆರ್ ಸ್ಪೀಗೆಲ್' ಪತ್ರಿಕೆ ಸೇರಿ ಹತ್ತು ನಗರಗಳಲ್ಲಿ ಬಾಡಿಗೆ ಮನೆಗಳಿಗೆ ಸುಮಾರು 20 ಸಾವಿರ ವಿಚಾರಣೆ ಕಳಿಸಿದವು. ಒಕ್ಕಣೆಯಲ್ಲಿ ವ್ಯತ್ಯಾಸವಿಲ್ಲ, ಹೆಸರು ಮಾತ್ರ ಬೇರೆ: ಒಂದು ಕಡೆ ಹಾನ್ನಾ, ಇನ್ನೊಂದು ಕಡೆ ಇಸ್ಮಾಯಿಲ್. ಅರಬ್ಬಿ ಮತ್ತು ತುರ್ಕಿ ಹೆಸರಿನವರಿಗೆ ಮನೆ ನೋಡಲು ಬರುವ ಕರೆ ಸ್ಪಷ್ಟವಾಗಿ ಕಡಿಮೆಯಾಗಿತ್ತು, ಅದರಲ್ಲೂ ಮ್ಯೂನಿಕ್‌ನಲ್ಲಿ ಪರಿಸ್ಥಿತಿ ತೀರಾ ಕೆಟ್ಟದಾಗಿತ್ತು. ಇಸ್ಮಾಯಿಲ್ ಎಷ್ಟು ನಗುಮುಖದವನು, ಎಷ್ಟು ಬೆರೆಯುವವನು ಎಂದು ನೋಡುವ ಮೊದಲೇ ಅವನನ್ನು ಬದಿಗಿಟ್ಟಿದ್ದರು. ವಿದ್ಯಾರ್ಥಿಗಳ ಮಾತು ಬಿಡಿ, ವಲಸಿಗರನ್ನೇ ಕೇಳಿ ಇಂಟರ್‌ನೇಷನ್ಸ್ ಸಂಸ್ಥೆ 2024ರಲ್ಲಿ ಮಾಡಿದ, ವಲಸಿಗರ ಬಾಳುವೆಗೆ ಒಳ್ಳೆಯ ದೇಶಗಳ ಪಟ್ಟಿಯಲ್ಲೂ 53 ದೇಶಗಳ ಪೈಕಿ ಜರ್ಮನಿಗೆ ಸಿಕ್ಕಿದ್ದು 50ನೇ ಸ್ಥಾನ. ಅಷ್ಟೂ ಜನರಿಗೆ ಬೆರೆಯಲು ಬಾರದೇ?

ಹಾಗಾದರೆ ನಮ್ಮ ಹಾಸನದವಳು ಕೊನೆಗೆ ಹೇಗೆ ನೆಲೆಯಾಗುತ್ತಾಳೆ? ವಾಟ್ಸಾಪ್ ಗುಂಪಿನಲ್ಲಿ ಸಿಕ್ಕ, ಎರಡು ವರ್ಷ ಮೊದಲು ಬಂದ ದಾವಣಗೆರೆಯ ಅಕ್ಕನೊಬ್ಬಳಿಂದ. ನೆಲದ ಮೇಲೆ ಹಾಸಿಗೆ ಹಾಕಿಕೊಟ್ಟವಳು ಅವಳು. ಮನೆ ಮಾಲೀಕನನ್ನು ಒಪ್ಪಿಸಿ ನೋಂದಣಿ ಪತ್ರಕ್ಕೆ ಸಹಿ ಮಾಡಿಸಿಕೊಟ್ಟವಳೂ ಅವಳೇ. "ಕೀಲಿಕೈ ಪೋಸ್ಟಲ್ಲಿ ಕಳಿಸ್ತೀನಿ, ಮೊದಲು ಡಿಪಾಸಿಟ್ ಹಾಕಿ ಅಂದ್ರೆ ಅದು ಮೋಸ ಕಣೇ, ಹಾಕಬೇಡ" ಎಂದು ಎಚ್ಚರಿಸಿದ್ದೂ ಅವಳೇ. ಈ ಮೋಸಕ್ಕೆ ಸಿಕ್ಕಿ ಊರಲ್ಲಿ ಅಪ್ಪ ಮಾಡಿದ ಸಾಲದ ಹಣ ಕಳೆದುಕೊಂಡ ಮಕ್ಕಳಿದ್ದಾರೆ. ಅವರಲ್ಲಿ ಕೆಲವರು ಯಾರನ್ನೂ ಕೇಳದೆ, ಸ್ವತಂತ್ರವಾಗಿ, ಉಪದೇಶದ ಪ್ರಕಾರವೇ ಮನೆ ಹುಡುಕಿಕೊಂಡವರು. ಸ್ವಾಗತ ಸಭೆಯ ನಯವಾದ ಇಂಗ್ಲಿಷಿನವರು ಆ ಹೊತ್ತಿನಲ್ಲಿ ಎಲ್ಲೂ ಕಾಣಿಸುವುದಿಲ್ಲ. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಬಾರದು, ಭಾನುವಾರ ಅಂಗಡಿ ತೆರೆದಿರುವುದಿಲ್ಲವಾದ್ದರಿಂದ ಶನಿವಾರವೇ ಹಾಲು ತಂದಿಡಬೇಕು, ರೇಡಿಯೋ ಟೀವಿ ಶುಲ್ಕ ಮನೆಗೊಂದೇ ಆದ್ದರಿಂದ ತಿಂಗಳ 18.36 ಯೂರೋ ಹಂಚಿಕೊಳ್ಳಬಹುದು: ಊರಿನ ನಡೆನುಡಿಯ ಪಾಠವೆಲ್ಲ ಆ ಅಕ್ಕನ ಅಡುಗೆಮನೆಯಲ್ಲೇ ಆಗುತ್ತದೆ. ಜರ್ಮನಿಯನ್ನು ಅವಳಿಗೆ ಪರಿಚಯಿಸುವವರು ನಮ್ಮವರು. ಉಪದೇಶಕರು ಇದನ್ನೇ ಗೋಡೆ ಎಂದು ಕರೆಯುತ್ತಾರೆ. ಅವಳು ಒಳಗೆ ಬಂದಿದ್ದು ಆ ಬಾಗಿಲಿಂದ.

ಜರ್ಮನ್ ವಿದ್ಯಾರ್ಥಿ ಹೇಗೆ ನೆಲೆಯಾಗುತ್ತಾನೆ ಎಂದು ಈ ಉಪದೇಶಕರು ಒಮ್ಮೆಯಾದರೂ ನೋಡಿದ್ದಾರೆಯೇ? ಪಾಸಾವಿನಿಂದ ಮ್ಯೂನಿಕ್‌ಗೆ ಬಂದ ಹುಡುಗನ ಬಾಡಿಗೆ ಕರಾರಿಗೆ ಅಪ್ಪ ಅಮ್ಮ ಜಾಮೀನು ಹಾಕುತ್ತಾರೆ. ಶುಕ್ರವಾರ ಸಂಜೆಯ ರೈಲಿಗೆ ಅವನಂಥವರು ಒಗೆಯುವ ಬಟ್ಟೆ ತುಂಬಿಕೊಂಡು ಊರಿಗೆ ಹೊರಡುತ್ತಾರೆ. ಅವನು ನೆಲೆಯಾಗಿರುವುದು ತನ್ನವರ ಬಲದಿಂದಲೇ. ನಿಮ್ಮವರನ್ನು ಬಿಟ್ಟು ಹೊರಗೆ ಬಾ ಎಂದು ಅವನಿಗೆ ಯಾರೂ ಭಾಷಣ ಮಾಡುವುದಿಲ್ಲ.

ಯುರೋಪಿನ ವಿಶ್ವವಿದ್ಯಾಲಯಗಳು ಹುಟ್ಟಿದ್ದೇ ಹೀಗೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಮಧ್ಯಯುಗದ ಬೊಲೋನ್ಯಾಕ್ಕೂ ಪ್ಯಾರಿಸ್ಸಿಗೂ ದೂರದೂರದಿಂದ ಬಂದ ವಿದ್ಯಾರ್ಥಿಗಳು ತಮ್ಮ ತಮ್ಮ ಸೀಮೆಯವರ ಕೂಟ ಕಟ್ಟಿಕೊಂಡರು. ಮನೆ ಬಾಡಿಗೆ ಚೌಕಾಶಿ, ಕಾಯಿಲೆಗೆ ಆರೈಕೆ, ಊರಿನವರೊಂದಿಗೆ ಜಗಳವಾದರೆ ಬೆನ್ನಿಗೆ ನಿಲ್ಲುವುದು, ಸತ್ತರೆ ಮಣ್ಣು ಮಾಡುವುದು, ಎಲ್ಲ ಆ ಕೂಟದ ಹೊಣೆ. ಆ ಕೂಟಗಳಿಗೆ ವಿಶ್ವವಿದ್ಯಾಲಯದ ಆಡಳಿತದಲ್ಲಿ ಮತವೂ ಇತ್ತು. 1409ರಲ್ಲಿ ಪ್ರಾಗ್‌ನಲ್ಲಿ ದೊರೆ ಆ ಮತಗಳ ಲೆಕ್ಕ ಬದಲಿಸಿದ್ದಕ್ಕೆ ಜರ್ಮನ್ ಗುರುಶಿಷ್ಯರು ಗುಂಪಾಗಿ ಎದ್ದು ನಡೆದರು. ಅದೇ ವರ್ಷ ಲೈಪ್ಜಿಗ್ ವಿಶ್ವವಿದ್ಯಾಲಯ ಹುಟ್ಟಿತು. ಜರ್ಮನಿಯ ಅತಿ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಒಂದು, ಹೀಗೆ, "ನಮ್ಮವರ ಜೊತೆಗೇ ಇರುತ್ತೇವೆ" ಎಂದ ಪರಸ್ಥಳದ ವಿದ್ಯಾರ್ಥಿಗಳ ಕೊಡುಗೆ. ಸ್ವೀಡನ್ನಿನ ಉಪ್ಸಾಲಾ, ಲುಂಡ್‌ಗಳಲ್ಲಿ ಇಂಥ ಸೀಮೆಕೂಟಗಳು ಇಂದಿಗೂ ಇವೆ, ವಿದ್ಯಾರ್ಥಿಗಳಿಗೆ ಕೋಣೆಯನ್ನೂ ಒದಗಿಸುತ್ತವೆ.

ನಮ್ಮಲ್ಲೂ ಬೇರೆ ರೀತಿ ಇರಲಿಲ್ಲ. ಹಳ್ಳಿಯಿಂದ ಮೈಸೂರಿಗೆ, ಧಾರವಾಡಕ್ಕೆ ಓದಲು ಬಂದ ಎಷ್ಟೋ ಹುಡುಗರು ವಾರಾನ್ನದ ಮೇಲೆ ಬದುಕಿದರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಮಠಗಳ ಉಚಿತ ಪ್ರಸಾದನಿಲಯಗಳು, ಜನಾಂಗಗಳ ಸಂಘಗಳು ಕಟ್ಟಿಸಿದ ಹಾಸ್ಟೆಲುಗಳು ಇಲ್ಲದಿದ್ದರೆ ಇಪ್ಪತ್ತನೇ ಶತಮಾನದ ಕರ್ನಾಟಕದಲ್ಲಿ ಓದಿದವರ ಸಂಖ್ಯೆ ಎಷ್ಟಿರುತ್ತಿತ್ತು? ಅಂದು ತುಮಕೂರಿಗೆ ಬಂದು ಮಠದ ಅನ್ನ ಉಂಡು ಓದಿದ ಅಜ್ಜನ ಬಗ್ಗೆ ಹೆಮ್ಮೆಪಡುವ ಮನೆಯವರೇ ಇಂದು ಮೊಮ್ಮಗಳಿಗೆ ಮ್ಯೂನಿಕ್‌ನಲ್ಲಿ ಕನ್ನಡದವರ ಸಹವಾಸ ಬೇಡ ಎನ್ನುತ್ತಾರೆ.

ಬೆರೆಯುವ ವಾದದವರು ತಮ್ಮ ಪರವಾಗಿ ದೊಡ್ಡವರ ಉದಾಹರಣೆ ಕೊಡುತ್ತಾರೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರದ್ದು ಬಹಳ ಪ್ರಸಿದ್ಧ. 1929ರಲ್ಲಿ ಬರ್ಲಿನ್‌ಗೆ ಹೋದ ಅವರಿಗೆ ಪ್ರೊಫೆಸರ್ ಸೊಂಬಾರ್ಟ್ ತನಗೆ ಇಂಗ್ಲಿಷ್ ಬಾರದು ಎಂದರಂತೆ, ಮೂರು ತಿಂಗಳು ಕಳೆದು ಬಂದು ಲೋಹಿಯಾ ಜರ್ಮನ್ನಿನಲ್ಲಿ ಮಾತಾಡಿದರಂತೆ. ಕತೆಯನ್ನು ಇಲ್ಲಿಗೇ ನಿಲ್ಲಿಸುವುದು ಅನುಕೂಲ. ಆ ಕಾಲದ ಬರ್ಲಿನ್‌ನಲ್ಲಿ ಪತ್ರಕರ್ತ ಎ.ಸಿ.ಎನ್. ನಂಬಿಯಾರ್ ಭಾರತೀಯ ವಿದ್ಯಾರ್ಥಿಗಳಿಗಾಗಿಯೂ ಒಂದು ಮಾಹಿತಿ ಕೇಂದ್ರ ನಡೆಸುತ್ತಿದ್ದರು. ಸ್ವತಃ ಲೋಹಿಯಾ ಯುರೋಪಿನಲ್ಲಿದ್ದ ಭಾರತೀಯರ ಸಂಘ ಕಟ್ಟುವುದರಲ್ಲಿ ಕೈಹಾಕಿ, ಅದರ ಕಾರ್ಯದರ್ಶಿಯೂ ಆಗಿದ್ದರು. ಉಪ್ಪಿನ ತೆರಿಗೆಯ ಮೇಲೆ ಪ್ರಬಂಧ ಬರೆದು 1933ರಲ್ಲಿ ಮರಳಿದ ಈ ಮನುಷ್ಯ ಜರ್ಮನ್ ಕಲಿತದ್ದು ನಮ್ಮವರಿಂದ ತಪ್ಪಿಸಿಕೊಂಡಲ್ಲ.

ಗಾಂಧಿಯವರ ಲಂಡನ್ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. 1888ರಲ್ಲಿ ಹೋದ ಹುಡುಗ ಇಂಗ್ಲಿಷರಲ್ಲಿ ಒಬ್ಬನಾಗಬೇಕೆಂದು ಬಾಂಡ್ ಸ್ಟ್ರೀಟಿನಲ್ಲಿ ಸೂಟು ಹೊಲಿಸಿದ, ಎತ್ತರದ ಟೋಪಿ ಕೊಂಡ, ನೃತ್ಯ, ಪಿಟೀಲು, ಭಾಷಣಕಲೆಯ ಪಾಠಕ್ಕೆ ದುಡ್ಡು ಕಟ್ಟಿದ. ತಾಳಕ್ಕೆ ಹೆಜ್ಜೆ ಕೂಡಲಿಲ್ಲ. ಸುಮಾರು ಮೂರು ತಿಂಗಳಲ್ಲಿ ಆ ಹುಚ್ಚು ಇಳಿಯಿತು ಎಂದು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಇಂಗ್ಲಿಷರ ನಿಜವಾದ ಗೆಳೆತನ ಅವರಿಗೆ ಸಿಕ್ಕಿದ್ದು ಅಮ್ಮನಿಗೆ ಕೊಟ್ಟ ಮಾತಿನಿಂದ. ಮಾಂಸ ಮುಟ್ಟಲಾರೆ ಎಂಬ ಹಠ ಅವರನ್ನು ಫ್ಯಾರಿಂಗ್ಡನ್ ಸ್ಟ್ರೀಟಿನ ಸಸ್ಯಾಹಾರಿ ಊಟದ ಮನೆಗೆ, ಅಲ್ಲಿಂದ ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೆ ಕರೆದೊಯ್ದಿತು. ತನ್ನದನ್ನು ಬಿಟ್ಟಾಗ ಸಿಗದ ಊರು, ತನ್ನದನ್ನು ಹಿಡಿದುಕೊಂಡಾಗ ಸಿಕ್ಕಿತು.

ನಮ್ಮವರ ನಡುವಿನ ಬದುಕಿನಲ್ಲಿ ಕೊಳಕಿಲ್ಲವೆಂದಲ್ಲ. ಇದೆ, ಅದನ್ನು ಮುಚ್ಚುವುದಿಲ್ಲ. ಆದರೆ ಉಪದೇಶಕರು ಎಂದೂ ಅದರ ಹೆಸರೆತ್ತುವುದಿಲ್ಲ. "ಪ್ಯೂರ್ ವೆಜ್ ಹುಡುಗರು ಮಾತ್ರ" ಎಂಬ ಕೋಣೆ ಜಾಹೀರಾತುಗಳು ಮ್ಯೂನಿಕ್‌ನ ಗುಂಪುಗಳಲ್ಲೂ ಓಡಾಡುತ್ತವೆ. ಅದರ ಹಿಂದೆ ಬರೀ ಬದನೆಕಾಯಿ ಪ್ರೀತಿ ಇದೆಯೆಂದು ನಂಬುವಷ್ಟು ಮುಗ್ಧರು ಯಾರೂ ಇಲ್ಲ. ಅಡ್ಡಹೆಸರು ಕೇಳಿ, ಊರು ಕೇಳಿ, ಮನೆದೇವರು ಯಾವುದೆಂದು ಕೇಳಿ ಅಳೆಯುವವರು ಅಲ್ಲೂ ಇದ್ದಾರೆ. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿ ಜೊತೆಯಾದವರು ನವಲ್ ಭಾತೇನಾ ಎಂಬ ಪಾರ್ಸಿ ಗೆಳೆಯ, ಕೊನೆತನಕ ಉಳಿದ ಗೆಳೆತನ ಅದು. ಅದೇ ಅಂಬೇಡ್ಕರ್ 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದಾಗ ಇಡೀ ಊರಿನಲ್ಲಿ ತಲೆಯಿಡಲು ಜಾಗ ಸಿಗಲಿಲ್ಲ, ಹೆಸರು ಮರೆಸಿ ಸೇರಿದ ಪಾರ್ಸಿ ಛತ್ರದಿಂದಲೂ ಹೊರಗಟ್ಟಿದರು. ಮನೆಯಿಲ್ಲದವರ ಸ್ವಭಾವ ತಿದ್ದಲು ಹೊರಡುವವರು ಬರೋಡಾವನ್ನು ನೆನೆಯಬೇಕು: ಅಲ್ಲಿ ತಿದ್ದಿಕೊಳ್ಳಬೇಕಾದ್ದು ಊರಿಗೆ ಇತ್ತು. ಆದ್ದರಿಂದ "ನಮ್ಮವರು" ಯಾರು ಎಂಬ ಪ್ರಶ್ನೆಯನ್ನು ಕೇಳಲೇಬೇಕು. ನಮ್ಮವರ ಮನೆಗಳ ಬಾಗಿಲು ಎಲ್ಲರಿಗೂ ತೆರೆಯಲಿ ಎಂದು ಜಗಳವಾಡುವುದು ಒಂದು. ನಮ್ಮವರ ಕಡೆ ಸುಳಿಯಲೇ ಬೇಡಿ ಎನ್ನುವುದು ಪೂರ್ತಿ ಬೇರೆ, ಅದರಿಂದ ಜಾತಿಗೆ ಕೂದಲೂ ಕೊಂಕುವುದಿಲ್ಲ.

ಭಾಷೆಯ ವಾದ ಒಂದು ಉಳಿದಿದೆ. ಜರ್ಮನ್ ಕಲಿಯಬೇಕು, ಕಲಿಯದೆ ಕೆಲಸ ಹುಡುಕಲು ಹೊರಟವರು ಪಡುವ ಪಾಡು ಎಲ್ಲರಿಗೂ ಗೊತ್ತು. ಆದರೆ ಇಂಗ್ಲಿಷ್ ಮಾಧ್ಯಮದ ಎಂ.ಎಸ್. ತರಗತಿಯಲ್ಲಿ ಜರ್ಮನ್ ಸಹಪಾಠಿ ಕೂಡ ಇಂಗ್ಲಿಷೇ ಮಾತಾಡುತ್ತಾನೆ. ತಡವರಿಸುವ ಜರ್ಮನ್ನಿನಲ್ಲಿ ನೀವು ಮಾತು ಎತ್ತಿದರೆ ಎರಡನೇ ವಾಕ್ಯಕ್ಕೆ ಇಂಗ್ಲಿಷಿಗೆ ಹೊರಳಿ ಉಪಕಾರ ಮಾಡುತ್ತಾನೆ. ಜರ್ಮನ್ ಬರುವುದು ಫೋಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರದ ಸಂಜೆಯ ತರಗತಿಯಲ್ಲಿ, ಸಿರಿಯಾದವರು, ಉಕ್ರೇನಿನವರು, ಬ್ರೆಜಿಲ್‌ನವರ ಪಕ್ಕ ಕೂತು. ಅದಕ್ಕೆ ಬೇಕಾದ್ದು ಸಂಜೆ ಬಿಡುವು ಮತ್ತು ಫೀಸಿಗೆ ದುಡ್ಡು. ಐವತ್ತು ಯೂರೋ ಉಳಿಯುವವಳು ಆ ಸಂಜೆಗಳಲ್ಲಿ ಗೋದಾಮಿನಲ್ಲಿ ಡಬ್ಬ ಕಟ್ಟುತ್ತಿರುತ್ತಾಳೆ. 2024ರ ಮಾರ್ಚ್‌ನಿಂದ ಅವಳಂಥವರಿಗೆ ವರ್ಷಕ್ಕೆ 140 ಪೂರ್ತಿ ದಿನ ದುಡಿಯಲು ಅನುಮತಿ ಇದೆ. ಅಕ್ಕನ ಮನೆಯಲ್ಲಿ ಬಾಡಿಗೆ ಅರ್ಧವಾದರೆ ಆ ಸಂಜೆಗಳಲ್ಲಿ ಕೆಲವು ಅವಳ ಕೈಗೆ ಮರಳುತ್ತವೆ, ಆಗ ತರಗತಿಗೆ ಹೋಗಬಹುದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಬಂದೇ ಬರುತ್ತಾಳೆ. ಮೊದಲು ಬಿಂದಿಗೆ ಇಡಲು ಅವಳಿಗೊಂದು ಮನೆ ಬೇಕು.

ಈ ಉಪದೇಶ ಯಾರಿಗೆ ಅನುಕೂಲ ಎಂದು ನೋಡಿದರೆ ಅದು ಇಷ್ಟು ಹಬ್ಬಿರುವುದೇಕೆ ಎಂದು ಅರ್ಥವಾಗುತ್ತದೆ. 2023-24ರ ಚಳಿಗಾಲದ ಹೊತ್ತಿಗೆ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 49 ಸಾವಿರ, ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು. ಉಚಿತ ಶಿಕ್ಷಣದ ದೇಶ ಎಂದು ನಾವು ಕೊಂಡಾಡುವಲ್ಲೇ ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕುತ್ತಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಹೊಸದಾಗಿ ಸೇರುವವರಿಗೆ ಎಂ.ಎಸ್.ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ಇಷ್ಟು ಜನರನ್ನು ಕರೆಸಿಕೊಳ್ಳುವವರಿಗೆ, ಕಳಿಸಿ ಕಮಿಷನ್ ಪಡೆಯುವವರಿಗೆ, ಕೋಣೆ ಎಲ್ಲಿ ಎಂಬ ಪ್ರಶ್ನೆಗಿಂತ ನಿನ್ನ ಸ್ವಭಾವ ಬದಲಿಸಿಕೋ ಎನ್ನುವುದು ಅಗ್ಗ. ಸೋತು ಕೂತವಳು ತನ್ನನ್ನೇ ಬೈದುಕೊಳ್ಳುತ್ತಾಳೆ, ಯಾರ ಮೇಲೂ ದೂರು ಹೋಗುವುದಿಲ್ಲ.

ಆದ್ದರಿಂದ ಮಕ್ಕಳನ್ನು ಕಳಿಸುವವರು ಕನ್ಸಲ್ಟೆನ್ಸಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಇಳಿದ ರಾತ್ರಿ ಮಗಳು ಮಲಗುವುದೆಲ್ಲಿ, ನೋಂದಣಿ ಪತ್ರಕ್ಕೆ ಸಹಿ ಹಾಕುವವರು ಯಾರು ಎಂಬುದು. ಉತ್ತರ ಬರದಿದ್ದರೆ ಫೀಸು ಕಟ್ಟಬೇಡಿ. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟವಿದೆ, ಫ್ರಾಂಕ್‌ಫರ್ಟ್ ಸುತ್ತ ರೈನ್-ಮೈನ್ ಕನ್ನಡ ಸಂಘವಿದೆ. ವಿಮಾನ ಹತ್ತುವ ಮೊದಲೇ ಇಂಥ ಕಡೆ ಒಂದು ಪರಿಚಯ ಮಾಡಿಸಿಡಿ. ಅಲ್ಲಿ ನೆಲೆಯೂರಿರುವ ಕನ್ನಡಿಗರಿಗೂ ಒಂದು ಮಾತು. ಚಳಿಗಾಲದ ಸೆಮಿಸ್ಟರ್‌ಗೆ ಮಕ್ಕಳು ಬಂದಿಳಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಿಮ್ಮ ಮನೆಯಲ್ಲಿ ಒಂದು ಕೋಣೆ ಬಿಡುವಿದ್ದರೆ ಆ ಎರಡು ತಿಂಗಳಿಗೆ ಅದನ್ನು ಕೊಡಿ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ, ನೋಂದಣಿ ಪತ್ರಕ್ಕೆ ಸಹಿ ಹಾಕಿಕೊಡಿ, ಮನೆದೇವರು ಯಾವುದೆಂದು ಮಾತ್ರ ಕೇಳಬೇಡಿ.